ಖಾಲಿ ದ್ವೀಪ ಎಂಬುದು ಎಲ್ಲಿದೆ?

ವಿದೇಶಿ ಸೇನಾ ನೆಲೆಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಓದುಗರೊಬ್ಬರು ಎರಡು ಪುಟಗಳ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: ನೆಲೆ ಎಂಬುದು ಎರಡು ಸರ್ಕಾರಗಳು ಒಪ್ಪಿ ಮಾಡಿಕೊಳ್ಳುವ ಕರಾರು, ಜಾಗ ಕೊಟ್ಟವರಿಗೆ ಹಣವೂ ರಕ್ಷಣೆಯೂ ಸಿಗುತ್ತದೆ, ಅದರಲ್ಲೂ ಹಿಂದೂ ಮಹಾಸಾಗರದ ಡಿಯೆಗೊ ಗಾರ್ಸಿಯಾದಂಥ ಜನರಿಲ್ಲದ ದ್ವೀಪದಲ್ಲಿ ರನ್‌ವೇ ಕಟ್ಟಿಕೊಂಡರೆ ಯಾರಿಗೇನು ನಷ್ಟ?

ಶ್ರದ್ಧೆಯಿಂದ ಬರೆದ ಪತ್ರ, ಅದಕ್ಕಾಗಿ ವಂದನೆಗಳು. ವಾದದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳಲಾರೆ. ರಷ್ಯಾದ ಗಡಿಗೆ ತಾಗಿರುವ ಬಾಲ್ಟಿಕ್ ದೇಶಗಳು ಇಂದು ಮಿತ್ರಪಡೆಗಳನ್ನು ತಾವಾಗಿಯೇ ಕರೆಸಿಕೊಂಡಿವೆ. ಅವರ ಭಯವನ್ನು ದೂರದಲ್ಲಿ ಕುಳಿತವರು ಅಲ್ಲಗಳೆಯುವುದು ಸರಿಯಲ್ಲ. ಆದರೆ ‘ಜನರಿಲ್ಲದ ದ್ವೀಪ’ ಎಂಬ ಮಾತನ್ನು ನಾನು ಹಾಗೆಯೇ ಬಿಡಲಾರೆ, ಏಕೆಂದರೆ ಆ ಮಾತು ತಾನಾಗಿ ಹುಟ್ಟಿದ್ದಲ್ಲ. ಅದನ್ನು ಲಂಡನ್ನಿನ ಸರ್ಕಾರಿ ಕಡತಗಳಲ್ಲಿ ಬುದ್ಧಿಪೂರ್ವಕವಾಗಿ ಹುಟ್ಟಿಸಲಾಯಿತು.

ಮಾರಿಷಸ್ 1968ರಲ್ಲಿ ಸ್ವತಂತ್ರವಾಯಿತು. ಅದಕ್ಕೂ ಮೊದಲು, 1965ರಲ್ಲೇ, ಬ್ರಿಟನ್ ಡಿಯೆಗೊ ಗಾರ್ಸಿಯಾ ಸೇರಿದ ಚಾಗೋಸ್ ದ್ವೀಪಸಮೂಹವನ್ನು ಅದರಿಂದ ಬೇರ್ಪಡಿಸಿ ಹೊಸದೊಂದು ವಸಾಹತನ್ನು ಮಾಡಿಕೊಂಡಿತು. ಮರುವರ್ಷ ಅದನ್ನು 50 ವರ್ಷಗಳ ಮಟ್ಟಿಗೆ ಅಮೆರಿಕದ ಸೇನಾ ಬಳಕೆಗೆ ಒಪ್ಪಿಸಿತು. ಪ್ರತಿಯಾಗಿ ಅಮೆರಿಕದಿಂದ ಕೊಳ್ಳುತ್ತಿದ್ದ ಪೊಲಾರಿಸ್ ಅಣ್ವಸ್ತ್ರ ಕ್ಷಿಪಣಿಗಳ ಲೆಕ್ಕದಲ್ಲಿ 1.4 ಕೋಟಿ ಡಾಲರ್ ರಿಯಾಯಿತಿ ಪಡೆದದ್ದು ಆಮೇಲೆ ಬಯಲಾಯಿತು. ಆ ದ್ವೀಪಗಳಲ್ಲಿ ಆಗ ಜನರಿದ್ದರು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮತ್ತು ಭಾರತದಿಂದ ಹೋದ ಕೂಲಿಗಳ ಸಂತತಿ ಅದು. ತಲೆಮಾರುಗಳಿಂದ ತೆಂಗಿನ ತೋಟಗಳಲ್ಲಿ ದುಡಿದು, ಕೊಬ್ಬರಿ ಒಣಗಿಸಿ, ತಮ್ಮದೇ ಕ್ರಿಯೋಲ್ ಮಾತಾಡಿಕೊಂಡು ಬದುಕಿದ್ದವರು. ಅವರನ್ನು ಕಾಯಂ ನಿವಾಸಿಗಳೆಂದು ಒಪ್ಪಿದರೆ ವಿಶ್ವಸಂಸ್ಥೆಗೆ ಉತ್ತರ ಹೇಳಬೇಕಾಗುತ್ತಿತ್ತು. ಆದ್ದರಿಂದ ಅವರನ್ನು ಗುತ್ತಿಗೆಯ ಕೂಲಿಗಳೆಂದು ಬರೆದುಕೊಳ್ಳಲಾಯಿತು. ಕಡಲಹಕ್ಕಿಗಳ ಹೊರತು ಅಲ್ಲಿ ಮೂಲನಿವಾಸಿಗಳೇ ಇರುವುದಿಲ್ಲ ಎಂದು ಹಿರಿಯ ಅಧಿಕಾರಿಯೊಬ್ಬರು 1966ರಲ್ಲಿ ಬರೆದ ಟಿಪ್ಪಣಿ ಇಂದಿಗೂ ಓದಲು ಸಿಗುತ್ತದೆ.

ಚಿಕಿತ್ಸೆಗೆಂದು ಮಾರಿಷಸ್‌ಗೆ ಹೋದವರನ್ನು ಮರಳಿ ಹಡಗು ಹತ್ತಲು ಬಿಡಲಿಲ್ಲ. ಉಳಿದವರಿಗೆ ಸಾಮಾನು ಸರಂಜಾಮುಗಳ ಪೂರೈಕೆ ಕಡಿಮೆಯಾಗುತ್ತಾ ಹೋಯಿತು. 1971ರಲ್ಲಿ ಡಿಯೆಗೊ ಗಾರ್ಸಿಯಾದ ನಾಯಿಗಳನ್ನೆಲ್ಲ ಹಿಡಿದು, ಕೊಬ್ಬರಿ ಒಣಗಿಸುವ ಶೆಡ್ಡಿನಲ್ಲಿ ಕೂಡಿಹಾಕಿ, ಸೇನಾ ವಾಹನಗಳ ಹೊಗೆಯನ್ನು ಒಳಗೆ ಬಿಟ್ಟು ಕೊಂದರು. ಜನರು ಅದನ್ನು ನೋಡುತ್ತಾ ನಿಂತಿದ್ದರು. 1973ರ ಹೊತ್ತಿಗೆ ಇಡೀ ದ್ವೀಪಸಮೂಹ ಬರಿದಾಗಿತ್ತು. ಮಾರಿಷಸ್ ಮತ್ತು ಸೆಷೆಲ್ಸ್‌ಗಳಲ್ಲಿ ಇಳಿಸಲ್ಪಟ್ಟ ಈ ಜನರ ಭಾಷೆಯಲ್ಲಿ ‘ಸಾಗ್ರೆನ್’ ಎಂಬ ಪದವಿದೆ. ಊರನ್ನು ಕಳೆದುಕೊಂಡ ಕೊರಗು ಎನ್ನಬಹುದು. ತಮ್ಮ ಹಿರಿಯರು ಯಾವುದರಿಂದ ಸತ್ತರು ಎಂದು ಕೇಳಿದರೆ ಅವರು ಹೇಳುವುದು ಈ ಪದವನ್ನೇ.

ಇದೆಲ್ಲ ಹಳೆಯ ಕಥೆ ಎಂದು ನೀವು ಹೇಳಬಹುದು. ಆದರೆ ಚಾಗೋಸ್ ಮೇಲಿನ ಆಡಳಿತವನ್ನು ಬ್ರಿಟನ್ ಆದಷ್ಟು ಬೇಗ ಕೊನೆಗೊಳಿಸಬೇಕೆಂದು ಅಂತರರಾಷ್ಟ್ರೀಯ ನ್ಯಾಯಾಲಯ 2019ರಲ್ಲಿ ಅಭಿಪ್ರಾಯಪಟ್ಟಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಮಾರಿಷಸ್ ಸಹಿ ಹಾಕಿದ ಒಪ್ಪಂದವು ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಬಿಟ್ಟುಕೊಡುತ್ತದೆ. ನೆಲೆಯ ದ್ವೀಪವನ್ನು ಮಾತ್ರ 99 ವರ್ಷ ಬ್ರಿಟನ್ ಕೈಯಲ್ಲೇ ಉಳಿಸುತ್ತದೆ. ಮಾರಿಷಸ್ ಬೇಕಾದರೆ ಉಳಿದ ದ್ವೀಪಗಳಲ್ಲಿ ಜನರನ್ನು ನೆಲೆಗೊಳಿಸಬಹುದು, ಡಿಯೆಗೊ ಗಾರ್ಸಿಯಾದಲ್ಲಿ ಅಲ್ಲ. ಎರಡು ಸರ್ಕಾರಗಳು ಕುಳಿತು ಮಾತಾಡಿದವು. ಆ ಮೇಜಿನ ಸುತ್ತ ಚಾಗೋಸಿನವರಿಗೆ ಕುರ್ಚಿ ಇರಲಿಲ್ಲ. ನೀವು ಹೇಳುವ ಕರಾರಿನ ಒಳಗುಟ್ಟು ಇದೇ.

ಕೇಳಿದರೂ ಕಿವಿಗೊಡದ ಉದಾಹರಣೆ ಬೇಕೆಂದರೆ ಒಕಿನಾವಾ ಇದೆ. ಜಪಾನಿನ ಭೂಭಾಗದಲ್ಲಿ ಶೇ 0.6ರಷ್ಟಿರುವ ಈ ಪ್ರಾಂತ್ಯವು ಅಲ್ಲಿನ ಅಮೆರಿಕದ ನೆಲೆಗಳ ಒಟ್ಟು ವಿಸ್ತೀರ್ಣದಲ್ಲಿ ಶೇ 70ರಷ್ಟನ್ನು ಹೊತ್ತಿದೆ. ಹೆನೊಕೊದಲ್ಲಿ ಹೊಸ ನೆಲೆಗಾಗಿ ಸಮುದ್ರ ತುಂಬುವುದು ಬೇಡವೆಂದು 2019ರ ಜನಮತದಲ್ಲಿ ಮತ ಹಾಕಿದವರ ಪೈಕಿ ಶೇ 72ರಷ್ಟು ಮಂದಿ ಹೇಳಿದರು. ಟೋಕಿಯೊ ಕೆಲಸ ನಿಲ್ಲಿಸಲಿಲ್ಲ. ಫಿಲಿಪ್ಪೀನ್ಸ್‌ನ ಸೆನೆಟ್ ಮಾತ್ರ 1991ರ ಸೆಪ್ಟೆಂಬರ್ 16ರಂದು 12-11 ಮತಗಳಿಂದ ನೆಲೆಗಳ ಒಪ್ಪಂದವನ್ನು ತಿರಸ್ಕರಿಸಿತು, ಮರುವರ್ಷ ಅಮೆರಿಕದ ನೌಕಾಪಡೆ ಸೂಬಿಕ್ ಕೊಲ್ಲಿಯನ್ನು ಬಿಟ್ಟು ಹೊರಟಿತು. ಆ ಹನ್ನೆರಡು ಮಂದಿಯನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಅಮೆರಿಕದ ಪಡೆಗಳಿಗೆ ಮತ್ತೆ ದಾರಿ ತೆರೆದ 2014ರ ಒಪ್ಪಂದವನ್ನು ಸರ್ಕಾರ ಸೆನೆಟ್ಟಿನ ಮುಂದೆ ತರಲೇ ಇಲ್ಲ ಎಂಬುದನ್ನೂ ಗಮನಿಸಿ.

ಕೆಲವು ವರ್ಷಗಳ ಹಿಂದೆ ರಕ್ಷಣಾ ವಿಷಯಗಳ ಲೇಖಕರೊಬ್ಬರು ನನಗೊಂದು ಬರಹ ಕಳಿಸಿದ್ದರು. ಜೊತೆಗೆ ಹಿಂದೂ ಮಹಾಸಾಗರದ ನಕ್ಷೆ, ಅದರ ತುಂಬ ಕೆಂಪು ಚುಕ್ಕೆಗಳು. ಈ ಚುಕ್ಕೆಗಳಲ್ಲಿ ಯಾರಿದ್ದಾರೆ ಎಂದು ಫೋನಿನಲ್ಲಿ ಕೇಳಿದೆ. ‘ಅದು ನನ್ನ ವಿಷಯವಲ್ಲ’ ಎಂದರು. ನಮ್ಮ ಪತ್ರಿಕೋದ್ಯಮಕ್ಕೆ ಅಂಟಿರುವ ರೋಗವಿದು, ಬೇರೆಯವರ ನೆಲೆಗಳ ಬಗ್ಗೆ ಮಾತ್ರವಲ್ಲ. 2024ರ ಫೆಬ್ರವರಿಯಲ್ಲಿ ಮಾರಿಷಸ್‌ಗೆ ಸೇರಿದ ಅಗಲೇಗಾ ದ್ವೀಪದಲ್ಲಿ ಭಾರತ ಕಟ್ಟಿಕೊಟ್ಟ ರನ್‌ವೇ ಮತ್ತು ಜೆಟ್ಟಿ ಉದ್ಘಾಟನೆಯಾದಾಗ ನನ್ನ ಮೇಜಿಗೆ ಬಂದ ಪತ್ರಿಕೆಗಳಲ್ಲಿ ಚೀನಾಕ್ಕೆ ಕೊಟ್ಟ ಉತ್ತರದ ಸಂಭ್ರಮ ತುಂಬಿತ್ತು. ಅದು ಸೇನಾ ನೆಲೆಯಲ್ಲ ಎಂದು ಮಾರಿಷಸ್ ಸರ್ಕಾರ ಹೇಳುತ್ತಾ ಬಂದಿದೆ, ಹಾಗೆಯೇ ಇರಲಿ. ಆದರೆ ಅಲ್ಲಿ ಬದುಕುವ ಕೆಲವು ನೂರು ಜನ ಏನೆನ್ನುತ್ತಾರೆ ಎಂಬ ಒಂದು ಸಾಲನ್ನು ಆ ವಾರ ನಾನು ಹುಡುಕಿದೆ, ಸಿಗಲಿಲ್ಲ. ಚಾಗೋಸಿನವರ ಪಾಡು ಗೊತ್ತಿರುವ ಅಗಲೇಗಾದವರಿಗೆ ಆತಂಕವಿದ್ದರೆ ಅದು ಸಹಜವಲ್ಲವೇ?

ನೀವು ಕೇಳಿದ್ದು ಯಾರಿಗೇನು ನಷ್ಟ ಎಂದು. 2006ರಲ್ಲಿ ನೂರರಷ್ಟು ಚಾಗೋಸಿನವರಿಗೆ ತಮ್ಮ ದ್ವೀಪಗಳನ್ನು ನೋಡಿಬರಲು ಅನುಮತಿ ಸಿಕ್ಕಿತು. ಅವರು ಹಿರಿಯರ ಸಮಾಧಿಗಳನ್ನು ಹುಡುಕಿ, ಚೊಕ್ಕಟ ಮಾಡಿ, ಮತ್ತೆ ಹಡಗು ಹತ್ತಿದರು.