ಕಿಮೊ ನಡೆಯುತ್ತಿರುವ ಮನೆಗೆ ಏನು ಒಯ್ಯಬೇಕು?

ಪ್ರಶ್ನೆ: ನಮ್ಮ ಅತ್ತಿಗೆಗೆ ಸ್ತನ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಕಿಮೊ ಹಾಕಿಸಿಕೊಂಡು ಬರುತ್ತಾರೆ. ಎರಡನೇ ಡೋಸ್ ಆಗಿ ಹತ್ತನೇ ದಿನ, ಭಾನುವಾರ, ನೋಡಲು ಹೋಗುವವರಿದ್ದೇವೆ. ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲ. ಮಲ್ಲಿಗೆ ಹೂವು, ಹಣ್ಣು, ಮೈಸೂರು ಪಾಕ್ ಒಯ್ಯಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ನೀವು ದಿನದ ಲೆಕ್ಕ ಬರೆದದ್ದು ಒಳ್ಳೆಯದಾಯಿತು. ಬಹಳಷ್ಟು ಕಿಮೊ ಔಷಧಿಗಳಲ್ಲಿ ಸುಮಾರು 7ರಿಂದ 14ನೇ ದಿನದ ನಡುವೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. 'ಕೌಂಟ್ ಬಿದ್ದಿದೆ' ಎನ್ನುವುದು ಇದಕ್ಕೇ. ನೀವು ಹೋಗುವುದು ಸರಿಯಾಗಿ ಆ ಹೊತ್ತಿಗೆ. ನಿಮ್ಮಲ್ಲಿ ಯಾರಿಗಾದರೂ ನೆಗಡಿ, ಕೆಮ್ಮು ಇದ್ದರೆ ಅವರು ಮನೆಯಲ್ಲೇ ಉಳಿಯಲಿ. ಉಳಿದವರು ಕೈ ತೊಳೆದು ಒಳಗೆ ಹೋಗಿ, ಕಾಲು ಗಂಟೆ ಕೂತು ಎದ್ದುಬಿಡಿ.

ಹೂವು ಬೇಡ. ಹೂದಾನಿಯ ನೀರಿನಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಅಲ್ಲದೆ ನಮಗೆ ಹಿತವಾದ ಮಲ್ಲಿಗೆಯ ಘಮವೇ ಅವರಿಗೆ ಹೊಟ್ಟೆ ತೊಳಸಬಹುದು. ಅಗರಬತ್ತಿ, ಸೆಂಟು, ಗಂಧದ ಸೋಪು ಎಲ್ಲಕ್ಕೂ ಇದೇ ಮಾತು. ಸಿಪ್ಪೆ ಸುಲಿದು ತಿನ್ನುವ ಬಾಳೆ, ಕಿತ್ತಳೆ ಒಯ್ಯಿರಿ. ಸಿಪ್ಪೆ ತೆಗೆಯುವ ಮೊದಲು ಹಣ್ಣನ್ನೂ ತೊಳೆಯಬೇಕು. ಬಾಯಿ ಹುಣ್ಣಾಗಿದ್ದರೆ ಕಿತ್ತಳೆ ಉರಿಯುತ್ತದೆ, ಬಾಳೆಯೊಂದೇ ಸಾಕು. ಚಕ್ಕೋತ ಬೇಡ, ಅದು ಕೆಲವು ಔಷಧಿಗಳ ಪ್ರಮಾಣ ರಕ್ತದಲ್ಲಿ ಏರುವಂತೆ ಮಾಡಬಲ್ಲದು. ದಾರಿಯಲ್ಲಿ ಹೆಚ್ಚಿಟ್ಟ ಹಣ್ಣು, ಕಬ್ಬಿನ ಹಾಲು ಖಂಡಿತ ಬೇಡ.

ಮೈಸೂರು ಪಾಕ್‌ನ ತುಪ್ಪದ ಜಿಡ್ಡು ವಾಕರಿಕೆ ಇರುವವರಿಗೆ ಹಿಡಿಸುವುದು ಕಷ್ಟ. ಅದರ ಬದಲು ರಾಗಿ ಗಂಜಿ ಮಾಡಿಕೊಂಡು ಹೋಗಿ. ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ಒಂದೂವರೆ ಲೋಟ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ಆರೇಳು ನಿಮಿಷ ತಿರುವಿ. ಒಗ್ಗರಣೆ ಬೇಡ, ಅದರ ವಾಸನೆಗೇ ಕೆಲವರು ಊಟ ಬಿಡುತ್ತಾರೆ. ಬೆಲ್ಲ, ಉಪ್ಪು, ಕಾಯಿಸಿದ ಹಾಲು ಬೇರೆ ಬೇರೆ ಇಟ್ಟರೆ ಅಂದಿನ ನಾಲಿಗೆಗೆ ಯಾವುದು ಒಗ್ಗುತ್ತದೋ ಅದನ್ನು ಬೆರೆಸಿಕೊಳ್ಳುತ್ತಾರೆ. ಬಾಯೆಲ್ಲಾ ಕಬ್ಬಿಣ ಕಬ್ಬಿಣ ಎನ್ನುವವರಿಗೆ ಸ್ಟೀಲ್ ಚಮಚದ ಬದಲು ಮರದ್ದೋ ಪ್ಲಾಸ್ಟಿಕ್‌ನದ್ದೋ ಒಂದು ಚಮಚ ಕೊಡಿ. ಡಬ್ಬಿ ವಾಪಸ್ ಕೇಳಬೇಡಿ, ತೊಳೆದು ಹಿಂತಿರುಗಿಸುವುದೂ ಆ ಮನೆಗೆ ಒಂದು ಕೆಲಸವೇ.

ಇದೆಲ್ಲಕ್ಕಿಂತ ಮುಖ್ಯವಾದ ಉಡುಗೊರೆ ಒಂದು ಡಿಜಿಟಲ್ ಥರ್ಮಾಮೀಟರ್. ಕೌಂಟ್ ಬಿದ್ದಾಗ ಜ್ವರ ಬಂದರೆ ಬೆಳಗಾಗಲೆಂದು ಕಾಯುವಂತಿಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಫೋನ್ ಮಾಡಬೇಕು. ಕೇಳದೆ ಪ್ಯಾರಸಿಟಮಾಲ್ ನುಂಗಿದರೆ ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಆಸ್ಪತ್ರೆಯ ತುರ್ತು ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಥರ್ಮಾಮೀಟರ್ ಡಬ್ಬಿಗೇ ಅಂಟಿಸಿ ಕೊಡಿ.

ಪ್ರಶ್ನೆ: ಗೆಳತಿಗೆ ಕೂದಲು ಉದುರುತ್ತಿದೆ. ಮೈಸೂರು ರೇಷ್ಮೆಯ ಸ್ಕಾರ್ಫ್ ಕೊಡೋಣವೆಂದಿದ್ದೇನೆ. ಜೊತೆಗೆ ಪಾದ ತಣ್ಣಗಾಗಿ ಜೋಮು ಹಿಡಿಯುತ್ತದೆ ಅನ್ನುತ್ತಾಳೆ, ಬಿಸಿನೀರಿನ ಬ್ಯಾಗ್ ಕೊಡಲೇ?
– ಓದುಗರೊಬ್ಬರು, ಮೈಸೂರು

ಉತ್ತರ: ರೇಷ್ಮೆ ಬೋಳು ತಲೆಯ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ. ಸುಮಾರು ಒಂದು ಮೀಟರ್ ಚೌಕದ ಮೆತ್ತನೆಯ ಹತ್ತಿ ಬಟ್ಟೆ ಕೊಡಿ. ಟೋಪಿಯಾದರೆ ಒಳಮಗ್ಗುಲು ತಿರುಗಿಸಿ ನೋಡಿ: ದಪ್ಪ ಹೊಲಿಗೆ, ಲೇಬಲ್ ಇದ್ದರೆ ಎಳೆ ಚರ್ಮಕ್ಕೆ ಚುಚ್ಚುತ್ತದೆ. ತಲೆ ಮುಚ್ಚಿಕೊಳ್ಳುವ ಮನಸ್ಸು ಇದೆಯೇ ಎಂದು ಮೊದಲು ಅವರನ್ನೇ ಕೇಳಿ. ಕೆಲವರಿಗೆ ಅದು ಬೇಕಿರುವುದಿಲ್ಲ.

ಬಿಸಿನೀರಿನ ಬ್ಯಾಗ್ ಕೊಡಲೇಬೇಡಿ. ಜೋಮು ಹಿಡಿದ ಪಾದಕ್ಕೆ ಸುಡುವುದು ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ತಿಳಿಯುತ್ತದೆ. ಬಿಗಿಯಿಲ್ಲದ ಹತ್ತಿ ಸಾಕ್ಸ್, ಜಾರದ ಚಪ್ಪಲಿ ಸರಿಯಾದ ಆಯ್ಕೆ. ಬೆರಳಿಗೂ ಜೋಮು ಇದ್ದರೆ ಗುಂಡಿ ಹಾಕುವುದು ಕಷ್ಟ, ಮುಂದೆ ಜಿಪ್ ಇರುವ ನೈಟಿ ಅನುಕೂಲ. ಜೋಮಿನ ವಿಷಯ ಡಾಕ್ಟರಿಗೆ ಹೇಳಿದ್ದಾರೆಯೇ, ಅದನ್ನೂ ವಿಚಾರಿಸಿ. ಆಕ್ಸಾಲಿಪ್ಲಾಟಿನ್ ಎಂಬ ಔಷಧಿ ನಡೆಯುತ್ತಿದ್ದರೆ ತಣ್ಣನೆಯದು ಮುಟ್ಟಿದರೂ ಕುಡಿದರೂ ಚುಚ್ಚುತ್ತದೆ; ಐಸ್‌ಕ್ರೀಂ ಒಯ್ಯಬೇಡಿ.

ಪ್ರಶ್ನೆ: ಚಿಕ್ಕಪ್ಪನಿಗೆ ದುಡ್ಡು ಕೊಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ. ಕಷಾಯದ ಪುಡಿ ಕೊಡೋಣವೇ?
– ಓದುಗರೊಬ್ಬರು, ಮದ್ದೂರು

ಉತ್ತರ: ಕಷಾಯ, ಲೇಹ್ಯ, ಅರಿಶಿನದ ಮಾತ್ರೆ ಯಾವುದನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ. ಇವುಗಳಲ್ಲಿ ಕೆಲವು, ಕಿಮೊ ಔಷಧಿಯ ಕೆಲಸಕ್ಕೇ ಅಡ್ಡ ಬರುತ್ತವೆ. ಅದೇ ದುಡ್ಡಿನಲ್ಲಿ ಕಿಮೊ ದಿನಕ್ಕೆ ಕಾರು ಮಾಡಿಕೊಡಿ. ಹೋಗುವಾಗ ಹೇಗೋ ಹೋಗಿಬಿಡಬಹುದು. ಐದಾರು ಗಂಟೆ ಡ್ರಿಪ್ ಹಾಕಿಸಿಕೊಂಡು, ಮಂಪರಿನಲ್ಲಿ, ವಾಂತಿ ಬರುವಂತಾಗಿ ಸಂಜೆಯ ಬಸ್ಸಿನಲ್ಲಿ ನಿಂತು ಬರುವುದು ಕಷ್ಟ. ಹಿಂದಿನ ಸೀಟಿನಲ್ಲಿ ಒಂದು ದಿಂಬು, ಎರಡು ಗಟ್ಟಿ ಕವರ್, ನೀರಿನ ಬಾಟಲಿ ಇರಲಿ. ಕಾರಿನೊಳಗೆ ಸುಗಂಧದ ಡಬ್ಬಿ ಇದ್ದರೆ ತೆಗೆಸಿ. ಡೋಸ್‌ಗೆ ಮೊದಲು ರಕ್ತ ಪರೀಕ್ಷೆ ಮಾಡುತ್ತಾರೆ, ಕೌಂಟ್ ಸಾಲದಿದ್ದರೆ ಮುಂದೂಡುವುದುಂಟು. ಆದ್ದರಿಂದ ರಿಪೋರ್ಟ್ ಕೈಗೆ ಬಂದ ಮೇಲೆ ಕಾರು ಖಚಿತ ಮಾಡಿ.