ಆರು ತಿಂಗಳಿಂದ ಮೂರು ವರ್ಷದ ನಡುವೆ

ಓದುಗರ ಪತ್ರ: "ನಾನು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದವನು. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಒಬ್ಬಳೇ ಮೊಮ್ಮಗಳು. ಹಿರಿಸೊಸೆ ಒಂದೇ ಸಾಕು ಎನ್ನುತ್ತಾಳೆ, ಕಿರಿಸೊಸೆ ಈಗಲೇ ಬೇಡ ಎನ್ನುತ್ತಾಳೆ. ಇಬ್ಬರೂ ವೈಟ್‌ಫೀಲ್ಡಿಗೆ ಹೋಗಿ ಬರುವವರು. ಕೆಳಗಿನ ಮನೆ ನಮ್ಮದು, ಮೇಲಿನ ಮನೆ ಹಿರಿಮಗನದು. ಆದರೂ ಒಂದೂವರೆ ವರ್ಷದ ಕೂಸನ್ನು ಸೊಸೆ ಡೇ ಕೇರ್‌ನಲ್ಲಿ ಬಿಟ್ಟು ಹೋಗುತ್ತಾಳೆ. ನಮ್ಮ ಅಮ್ಮ ಒಂಬತ್ತು ಹೆತ್ತಿದ್ದರು. ಹೆಂಗಸರು ಉದ್ಯೋಗಕ್ಕೆ ಹೊರಟ ದಿನವೇ ತೊಟ್ಟಿಲು ಅಟ್ಟ ಸೇರಿತು ಎಂಬುದು ನನ್ನ ಅಭಿಪ್ರಾಯ. ಇದನ್ನು ಬರೆಯುವ ಧೈರ್ಯ ನಿಮ್ಮ ಪತ್ರಿಕೆಗೆ ಇದೆಯೇ? ರಿಟೈರ್ ಆದ ಮೇಲೆ ನಮಗಿಬ್ಬರಿಗೂ ಹೊತ್ತೇ ಹೋಗುವುದಿಲ್ಲ. ಉತ್ತರಕ್ಕೆ ಕಾಯುತ್ತಿರುತ್ತೇನೆ."
— ರಾಜಾಜಿನಗರದ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಮಾನ್ಯರೇ,

ಕವರು ಒಡೆದ ತಕ್ಷಣ ಲೆಡ್ಜರ್ ಬರೆದ ಕೈ ಎಂದು ಗೊತ್ತಾಯಿತು. ಇಷ್ಟು ದುಂಡಗಿನ ಅಕ್ಷರ ನಮ್ಮ ಕಚೇರಿಗೆ ಬಂದು ವರ್ಷಗಳೇ ಆದವು. ಒತ್ತಕ್ಷರ ಒಂದೂ ತಪ್ಪಿಲ್ಲ. ಆ ಖುಷಿಗೇ ನಿಮಗೆ ಇಷ್ಟುದ್ದದ ಉತ್ತರ. ಈ ಸಂಚಿಕೆಯಲ್ಲಿ ಬೇರೆ ಪತ್ರಗಳಿಗೆ ಜಾಗ ಸಿಗದ ಓದುಗರು ನಿಮ್ಮನ್ನು ಬೈದುಕೊಳ್ಳಲಿ.

ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ನಿಮಗೆ ಹಿಮ್ಮೇಳ ಹಿಡಿಯುವವರು ಸಣ್ಣಪುಟ್ಟವರಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರಲ್ಲೇ ಮಕ್ಕಳನ್ನೂ ಲಾಭ-ನಷ್ಟದ ಲೆಕ್ಕಕ್ಕೆ ತಂದರು. ಅವರೂ ಅವರ ದಾರಿ ಹಿಡಿದವರೂ ಹೇಳಿದ್ದು ಇಷ್ಟೇ: ತಾಯಿಯ ಸಂಬಳ ಏರಿದಷ್ಟೂ, ಕೂಸಿಗಾಗಿ ಅವಳು ಬಿಡಬೇಕಾದ ದುಡ್ಡೂ ಏರುತ್ತದೆ, ಆದ್ದರಿಂದ ಕೂಸು ದುಬಾರಿ. 1992ರಲ್ಲಿ ಬೆಕರ್ ಅವರಿಗೆ ನೊಬೆಲ್ ಬಂತು. ಸರಿ, ಒಪ್ಪಿದೆ. ಇಲ್ಲಿಗೆ ನಿಮ್ಮ ಪಾಲಿನ ಮರ್ಯಾದೆ ಸಂದಾಯವಾಯಿತು.

ಈಗ ನಿಮ್ಮ ಅಮ್ಮನವರ ವಿಷಯ. ಒಂಬತ್ತು ಹೆತ್ತರು ಎಂದಿರಿ. ಅವರು ಕೆಲಸ ಮಾಡಲಿಲ್ಲವೇ? ನಮ್ಮಜ್ಜಿ ತಿಪಟೂರಿನ ಕಡೆಯವಳು, ಏಳು ಹೆತ್ತವಳು. ರಾಗಿ ಕಳೆ ಕೀಳಲು ಹೋಗುವಾಗ ಹಳೇ ಸೀರೆ ಒಂದನ್ನು ಹೆಗಲ ಮೇಲೆ ಹಾಕಿಕೊಂಡೇ ಹೋಗುತ್ತಿದ್ದಳಂತೆ. ಬದುವಿನ ಹೊಂಗೆಮರಕ್ಕೆ ಆ ಸೀರೆಯಲ್ಲಿ ಜೋಳಿಗೆ ಕಟ್ಟಿ ಕೂಸನ್ನು ಹಾಕುವುದು, ಎರಡು ಸಾಲು ಕಳೆ ಮುಗಿಸಿ ಬಂದು ಒಮ್ಮೆ ತೂಗುವುದು, ಮತ್ತೆ ಎರಡು ಸಾಲು. ಹಾಲಿಗೆ ಅತ್ತರೆ ಬದುವಿನ ಮೇಲೇ ಕೂತು ಕೊಡುವುದು. ನಮ್ಮಪ್ಪ ಬೆಳೆದದ್ದು ಆ ಜೋಳಿಗೆಯಲ್ಲಿ. ಹೆಂಗಸು ದುಡಿಯಲು ಹೋದದ್ದು ಮೊನ್ನೆ ಮೊನ್ನೆಯಲ್ಲ ಸ್ವಾಮಿ. ಜೋಳಿಗೆ ಕಟ್ಟಲಾಗದ ಜಾಗಕ್ಕೆ ಅವಳು ದುಡಿಯಲು ಹೋದದ್ದು ಮಾತ್ರ ಹೊಸದು.

ಇನ್ನು ಲೆಕ್ಕ. ಬ್ಯಾಂಕಿನವರಿಗೆ ಅಂಕಿ ಇಲ್ಲದೆ ಉತ್ತರ ಬರೆಯುವುದು ಸರಿಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ನಮ್ಮ ದೇಶದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 2.7 ಮಕ್ಕಳು. 2015-16ಕ್ಕೆ 2.2. 2019-21ಕ್ಕೆ 2.0. ನಿಮ್ಮ ವಾದ ನಿಜವಾಗಿದ್ದರೆ ಅದೇ ಅವಧಿಯಲ್ಲಿ ಹೆಂಗಸರು ಸಾಲುಗಟ್ಟಿ ಕೆಲಸಕ್ಕೆ ಹೊರಟಿರಬೇಕಿತ್ತು. ಹೊರಡಲಿಲ್ಲ, ಇದ್ದವರೂ ಮನೆಗೆ ವಾಪಸಾದರು. 2004-05ರ ನಂತರ ದುಡಿಯುವ ಇಲ್ಲವೇ ಕೆಲಸ ಹುಡುಕುವ ಹೆಂಗಸರ ಪ್ರಮಾಣ ಇಳಿಯುತ್ತಲೇ ಬಂದು, 2017-18ರ ಸರ್ಕಾರಿ ಸಮೀಕ್ಷೆಯಲ್ಲಿ ಹದಿನೈದು ದಾಟಿದ ಹೆಂಗಸರಲ್ಲಿ ನೂರಕ್ಕೆ 23ಕ್ಕೆ ಬಂದು ನಿಂತಿತ್ತು. ಆಮೇಲೆ ಏರಿ 2023-24ಕ್ಕೆ ಸುಮಾರು 42 ಆಗಿದೆ. ಆದರೆ ಆ ಏರಿಕೆಯ ಹೆಚ್ಚಿನ ಪಾಲು ಹೊಲಮನೆಯಲ್ಲಿ ಸ್ವಂತ ದುಡಿಮೆ, ಸಂಬಳವಿಲ್ಲದ ದುಡಿಮೆ. ನಿಮ್ಮ ಸೊಸೆಯರಂಥ ಕೆಲಸವಲ್ಲ. ಅಂದರೆ ಮಕ್ಕಳೂ ಕಡಿಮೆಯಾದರು, ಕೆಲಸವೂ ಕಡಿಮೆಯಾಯಿತು. ಈ ಎರಡನ್ನೂ ಒಂದೇ ಪುಟದ ಎದುರುಬದುರಿನ ಕಾಲಂಗಳಲ್ಲಿ ಬರೆದು ನೋಡಿ, ಟ್ಯಾಲಿ ಆಗುವುದಿಲ್ಲ.

ಬಿಹಾರ ನೋಡಿ ಎನ್ನುತ್ತೀರಿ, ನನಗೆ ಗೊತ್ತು. ಅಲ್ಲಿ ದುಡಿಯುವ ಹೆಂಗಸರು ಕಡಿಮೆ, ಮಕ್ಕಳು ಸರಾಸರಿ 3. ಹಾಗಾದರೆ ದೆಹಲಿಯನ್ನೂ ಪಶ್ಚಿಮ ಬಂಗಾಳವನ್ನೂ ನೋಡಿ. ಕೆಲಸಕ್ಕೆ ಹೋಗುವ ಹೆಂಗಸರು ಅಲ್ಲೂ ಕಡಿಮೆಯೇ, ಮಕ್ಕಳು ಎರಡೂ ಕಡೆ 1.6. ನಮ್ಮ ರಾಜ್ಯದ್ದು 1992-93ರಲ್ಲಿ 2.9 ಇತ್ತು, 2019-21ಕ್ಕೆ 1.7. ಇಳಿಯಬೇಕೆಂಬ ಯೋಚನೆ ಇಲ್ಲಿ ಎಷ್ಟು ಹಳೆಯದೆಂದರೆ, ಮೈಸೂರು ಸರ್ಕಾರ 1930ರಲ್ಲೇ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಆಗ ಬೆಂಗಳೂರಿನಲ್ಲಿ ಆಫೀಸಿಗೆ ಹೋಗುವ ಹೆಂಗಸರು ಎಷ್ಟು ಮಂದಿ ಇದ್ದರು, ಹೇಳಿ?

ಇಲ್ಲಿ ಆದದ್ದೇ ಬೇರೆ. ಇಪ್ಪತ್ತರ ಆಸುಪಾಸಿನಲ್ಲಿ ಮದುವೆ, ನಾಲ್ಕೈದು ವರ್ಷದಲ್ಲಿ ಎರಡು ಹೆರಿಗೆ, ಆಮೇಲೆ ಆಪರೇಷನ್. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಸಂಖ್ಯೆ ಕೇಳಬೇಡಿ, ಇಡೀ ದೇಶದ ಲೆಕ್ಕ ತೆಗೆದರೂ ನೂರಕ್ಕೆ ಒಬ್ಬರೂ ಸಿಗುವುದಿಲ್ಲ. ಪೀಣ್ಯದ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಬೆಳಗ್ಗೆ ಓಡುವ ಹೆಂಗಸರಲ್ಲಿ ಬಹಳಷ್ಟು ಮಂದಿ ಹೆರಿಗೆಯ ಅಧ್ಯಾಯ ಮುಗಿಸಿಯೇ ಮಿಷನ್ ಮುಂದೆ ಕೂತವರು. ಮಕ್ಕಳು ಮದ್ದೂರಿನಲ್ಲೋ ಕುಣಿಗಲ್ಲಿನಲ್ಲೋ ಅಜ್ಜಿಯ ಹತ್ತಿರ. ಕೆಲಸ ಕೂಸನ್ನು ತಡೆಯಲಿಲ್ಲ. ಕೂಸನ್ನು ಊರಿಗೆ ಕಳಿಸಿತು.

ಹೊರದೇಶದ ಮಾತು ಎರಡೇ ಸಾಲಿನಲ್ಲಿ ಮುಗಿಸುತ್ತೇನೆ. 1970ರ ದಶಕದಲ್ಲಿ ಶ್ರೀಮಂತ ದೇಶಗಳಲ್ಲಿ ಹೆಂಗಸರ ಉದ್ಯೋಗ ಹೆಚ್ಚಿದ್ದಲ್ಲಿ ಮಕ್ಕಳು ಕಡಿಮೆ ಇದ್ದದ್ದು ನಿಜ, ಆದರೆ ಎಂಬತ್ತರ ದಶಕದ ನಡುವೆ ಲೆಕ್ಕ ತಿರುಗಿಬಿತ್ತು. 1990ರಲ್ಲಿ ಹೆಂಗಸರೆಲ್ಲ ದುಡಿಯುತ್ತಿದ್ದ ಸ್ವೀಡನ್ನಿನಲ್ಲಿ ಸರಾಸರಿ 2.1, ಐದು ವರ್ಷದ ಬಳಿಕ, ಹೆಂಗಸರು ಹೆಚ್ಚಾಗಿ ಮನೆಯಲ್ಲೇ ಇದ್ದ ಇಟಲಿಯಲ್ಲಿ 1.2. ಈಗ ಉತ್ತರ ಯುರೋಪಿನ ದೇಶಗಳಲ್ಲೂ ಇಳಿದಿದೆ, 2023ರಲ್ಲಿ ಫಿನ್ಲೆಂಡ್ 1.26ಕ್ಕೆ ಬಂತು, ಅದನ್ನು ಮುಚ್ಚಿಡುವುದಿಲ್ಲ. ಅದೇ ವರ್ಷ ದಕ್ಷಿಣ ಕೊರಿಯಾ 0.72 ಮುಟ್ಟಿತು. ರಾತ್ರಿಯವರೆಗೆ ಆಫೀಸು, ಮನೆಗೆ ಬಂದರೆ ಪಾತ್ರೆಯೂ ಅವಳದೇ, ಕೂಸೂ ಅವಳದೇ ಎನ್ನುವ ದೇಶ ಅದು. ಎರಡು ಸಾಲು ಎಂದವನು ಆರು ಬರೆದೆ, ಕ್ಷಮಿಸಿ.

ನನ್ನ ತಗಾದೆ ಬೇರೆಯೇ ಇದೆ. ಹೆರಿಗೆ ರಜೆ 1961ರ ಕಾಯ್ದೆಯಲ್ಲಿ 12 ವಾರ ಇತ್ತು. 2017ರ ತಿದ್ದುಪಡಿಯಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಮಾಡಿದರು. ಸಂತೋಷ. 26 ವಾರ ಎಂದರೆ ಆರು ತಿಂಗಳು. ಅಂಗನವಾಡಿಯಲ್ಲಿ ಕೂಸನ್ನು ಕೂರಿಸಿಕೊಳ್ಳುವುದು ಮೂರು ವರ್ಷಕ್ಕೆ. ನಡುವಿನ ಎರಡೂವರೆ ವರ್ಷ ಕೂಸು ಎಲ್ಲಿರಬೇಕು? 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರಬಹುದು ಎಂದು ಅದೇ ತಿದ್ದುಪಡಿ ಹೇಳಿತು. ಆದರೆ ಇಎಸ್‌ಐ ವಿಮೆ ಇಲ್ಲದವರ ರಜೆಯ ಸಂಬಳವೂ ಮಾಲೀಕನ ಜೇಬಿನದೇ, ಶಿಶುವಿಹಾರವೂ ಅವನ ಜೇಬಿನದೇ. ಹೊಸದಾಗಿ ಮದುವೆಯಾದ ಹುಡುಗಿ ಇಂಟರ್‌ವ್ಯೂಗೆ ಬಂದರೆ ಅವನ ಮುಖ ಹೇಗಾಗುತ್ತದೆ ಎಂದು ನಿಮಗೆ ಹೇಳಬೇಕೇ? ಹಳ್ಳಿಗಳಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರಿಗೆಂದು 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ 2023ರಲ್ಲಿ ರಾಜ್ಯ ಸರ್ಕಾರ ಹೇಳಿತು. ಹೆಸರೇ ಎಷ್ಟು ಚೆನ್ನಾಗಿದೆ. ಬೆಂಗಳೂರಿನಲ್ಲಿ ನರೇಗಾ ಇಲ್ಲ, ಆದ್ದರಿಂದ ಇಲ್ಲಿನ ಕೂಸಿಗೆ ಆ ಮನೆಯೂ ಇಲ್ಲ.

ಇಷ್ಟೆಲ್ಲ ಉಪದೇಶ ಹೇಳುವ ನಾನೇನು ಸಾಚಾ ಅಲ್ಲ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಕರಡು ತಿದ್ದುವ ಒಬ್ಬ ಹೆಣ್ಣುಮಗಳಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಅಲ್ಪಪ್ರಾಣ ಮಹಾಪ್ರಾಣವಾಗುತ್ತಿರಲಿಲ್ಲ. ಕೂಸನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜಿ ಮಗಳ ಬಾಣಂತನಕ್ಕೆಂದು ಊರಿಗೆ ಹೋದದ್ದೇ, ಇವಳು ಹತ್ತು ತಿಂಗಳ ಮಗನನ್ನು ಎತ್ತಿಕೊಂಡೇ ಕೆಲಸಕ್ಕೆ ಬಂದಳು. ಮೇಜಿನ ಕೆಳಗೆ ಕಾಗದದ ರೀಮುಗಳ ನಡುವೆ ಒಂದು ದುಪ್ಪಟಿ ಹಾಸಿ ಮಲಗಿಸುವಳು. ಪ್ರೆಸ್ಸಿನ ಸದ್ದಿಗೆ ಅವನು ಚೆನ್ನಾಗಿ ನಿದ್ದೆ ಮಾಡುತ್ತಿದ್ದ, ಮಿಷನ್ ನಿಂತರೆ ಎದ್ದು ಅಳುತ್ತಿದ್ದ. ಒಂದು ದಿನ ಎರಡನೇ ಕರಡಿನ ಅಂಚನ್ನು ಜಗಿದು ಒಂದು ಪ್ಯಾರಾ ನುಂಗಿಬಿಟ್ಟ. ಆ ಪ್ಯಾರಾ ನಾನು ಬರೆದದ್ದು. ಇಲ್ಲದಿದ್ದರೂ ಲೇಖನಕ್ಕೆ ನಷ್ಟವೇನೂ ಆಗಲಿಲ್ಲ. ಹನ್ನೊಂದು ದಿನ ಹೀಗೇ ನಡೆಯಿತು. ಹನ್ನೆರಡನೇ ದಿನ ಅವಳು ಬಂದು, "ಸಾರ್, ಮೂರು ಗಂಟೆಗೆ ಹೋಗ್ತೀನಿ, ಉಳಿದ ಕರಡು ಮನೆಗೆ ತಗೊಂಡು ಹೋಗಿ ಬೆಳಗ್ಗೆ ತರ್ತೀನಿ, ಆರು ತಿಂಗಳು ಅಷ್ಟೇ" ಎಂದಳು. ನಾನು "ಆಫೀಸು ಅಂದ್ರೆ ಆಫೀಸಿನ ಹಾಗಿರಬೇಕಮ್ಮ" ಎಂದೆ. ಆ ತಿಂಗಳ ಸಂಬಳ ತೆಗೆದುಕೊಂಡು ಹೋದಳು. ಆಮೇಲಿನ ನಮ್ಮ ಸಂಚಿಕೆಗಳಲ್ಲಿ ಎಷ್ಟು ತಪ್ಪು ಎಂದು ಹಳೇ ಓದುಗರಿಗೆ ಗೊತ್ತು. ನನ್ನ ಇಬ್ಬರು ಮಕ್ಕಳನ್ನು ನಮ್ಮಮ್ಮ ಊರು ಬಿಟ್ಟು ಬಂದು ಸಾಕಿದರು, ಅದಕ್ಕೇ ನನ್ನ ಹೆಂಡತಿಯ ಟೀಚರ್ ಕೆಲಸ ಉಳಿಯಿತು. ಇದು ನನಗೆ ಆವತ್ತು ಹೊಳೆಯಲೇ ಇಲ್ಲ.

ಮೊನ್ನೆ ಡಿಸೆಂಬರ್‌ನಲ್ಲಿ ಗಾಂಧಿ ಬಜಾರಿನಲ್ಲಿ ಅವರೇಕಾಯಿ ಆರಿಸುತ್ತಿದ್ದವಳು ಸಿಕ್ಕಳು. ತಲೆ ನರೆತಿದೆ. ನಮಸ್ಕಾರ ಹೇಳಿದವಳೇ, "ಹೋದ ಸಂಚಿಕೆಯ ಸಂಪಾದಕೀಯದಲ್ಲಿ ಎರಡು ಕಡೆ 'ವಿಶೇಷ'ಕ್ಕೆ ಎರಡೂ ಷ ಬಿದ್ದಿದೆ ಸಾರ್" ಎಂದಳು. ಮಗ ಪುಣೆಯಲ್ಲಿದ್ದಾನಂತೆ. ಒಬ್ಬನೇನಾ ಎಂದು ಬಾಯಿತಪ್ಪಿ ಕೇಳಿದೆ. ಅವಳು ತಲೆ ಎತ್ತದೆ ಸೊನೆ ಇರುವ ಕಾಯಿಗಳನ್ನು ಆರಿಸಿ ಆರಿಸಿ ಚೀಲಕ್ಕೆ ಹಾಕುತ್ತಿದ್ದಳು.

ಇನ್ನು ಈ ಊರು. ಆಟೋದ ಹಿಂದೆ, ಬಸ್ಸಿನ ಹಿಂದೆ, ಫ್ಲೈಓವರ್ ಪಕ್ಕ, ಎಲ್ಲಿ ನೋಡಿದರೂ ಬಂಜೆತನ ನಿವಾರಣಾ ಕೇಂದ್ರದ ಜಾಹೀರಾತು, ನಗುವ ಬಿಳಿ ಕೂಸಿನ ಚಿತ್ರ. ಅದರ ಕೆಳಗೆ ತಳ್ಳುಗಾಡಿಯಲ್ಲಿ ನಿಜವಾದ ಕೂಸನ್ನು ಕೂರಿಸಿಕೊಂಡು ಹತ್ತು ಮಾರು ನಡೆಯಲು ಫುಟ್‌ಪಾತ್ ಇಲ್ಲ. ಅಪಾರ್ಟ್‌ಮೆಂಟಿನ ಗೋಡೆಯ ಮೇಲೆ 'ಚೆಂಡಾಟ ನಿಷೇಧ'. ನರ್ಸರಿ ಫೀಸು ಕೇಳಿದರೆ ನಿಮ್ಮ ಪಿಂಚಣಿ ಸಾಲದು. 2023ರಲ್ಲಿ ನಮ್ಮೂರಿನ ಐಟಿ ಹಿರಿಯರೊಬ್ಬರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಮರುವರ್ಷ ಪಕ್ಕದ ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಹೆಚ್ಚು ಮಕ್ಕಳಾಗಲಿ ಎಂದರು. ಎರಡನ್ನೂ ಪಾಲಿಸುವ ಹುಡುಗಿಗೆ ದಿನಕ್ಕೆ ಮೂವತ್ತಾರು ಗಂಟೆ ಯಾರು ಮಂಜೂರು ಮಾಡುತ್ತಾರೆ? 2019ರಲ್ಲೇ, ಸರ್ಕಾರಿ ಸಮೀಕ್ಷೆಯ ಪ್ರಕಾರ, ಮನೆಗೆಲಸಕ್ಕೆ ಕೈಹಾಕುವ ಹೆಂಗಸರಿಗೆ ಅದರಲ್ಲಿ ದಿನಕ್ಕೆ 299 ನಿಮಿಷ ಹೋಗುತ್ತಿತ್ತು. ಕೈಹಾಕುವ ಗಂಡಸರಿಗೆ 97. ಕೈಹಾಕದ ಗಂಡಸರು ಈ ಲೆಕ್ಕದಲ್ಲೇ ಬರುವುದಿಲ್ಲ, ಮತ್ತು ಅವರೇ ಹೆಚ್ಚು.

ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದೆ. 'ಸೊಸೆ ಡೇ ಕೇರ್‌ನಲ್ಲಿ ಬಿಟ್ಟು ಹೋಗುತ್ತಾಳೆ' ಎಂದಿದ್ದೀರಿ. ಮಗ ಬಿಡುತ್ತಾನೆ ಎಂದು ಎಲ್ಲೂ ಬರೆದಿಲ್ಲ. ವೈಟ್‌ಫೀಲ್ಡಿನಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಆ ಜನಜಂಗುಳಿಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡು ರಾಜಾಜಿನಗರ ಸೇರುವಷ್ಟರಲ್ಲಿ ಆ ಹುಡುಗಿ ಎಷ್ಟು ಸಲ ಗಡಿಯಾರ ನೋಡಿರುತ್ತಾಳೋ. ನೀವೂ ನಿಮ್ಮ ಮನೆಯವರೂ ಕೆಳಗಿನ ಮನೆಯಲ್ಲೇ ಇದ್ದೀರಿ, ಹೊತ್ತೂ ಹೋಗುವುದಿಲ್ಲ ಎಂದಿದ್ದೀರಿ. ಆ ಡೇ ಕೇರ್ ಸಂಜೆ ಎಷ್ಟು ಗಂಟೆಗೆ ಬಾಗಿಲು ಹಾಕುತ್ತದೆ, ನಿಮ್ಮ ಗೇಟಿನಿಂದ ಅಲ್ಲಿಗೆ ನಡೆದರೆ ಎಷ್ಟು ನಿಮಿಷ, ಮುಂದಿನ ಪತ್ರದಲ್ಲಿ ಬರೆಯಿರಿ.

— ಸಂಪಾದಕ