ಹಳೇ ಆರ್15ಗೆ ಅಗಲದ ಟೈರ್ ಹಾಕಿಸಬಹುದಾ?

ನಿಮ್ಮದು 2009ರ ಯಮಹಾ ಆರ್15, ಶಿರಸಿ–ಕುಮಟಾ ಓಡಾಟ, ಹಿಂದಿನ ಚಕ್ರಕ್ಕೆ 130 ಮಿ.ಮೀ. ಅಗಲದ ಟೈರ್ ಹಾಕಿಸುವ ಆಸೆ. ಬೇಡ. ಬೈಕಿನ ಜೊತೆ ಬಂದ ಅಳತೆಯನ್ನೇ ಹಾಕಿಸಿ: ಮುಂದೆ 80/90-17, ಹಿಂದೆ 100/80-17 (ಮೊದಲ ಸಂಖ್ಯೆಯೇ ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ).

ಕಾರಣ ರಿಮ್. 2011ರಲ್ಲಿ ಬಂದ ಎರಡನೇ ಮಾಡೆಲ್‌ಗೆ 130 ಇತ್ತು ನಿಜ, ಆದರೆ ಅದರ ರಿಮ್ಮೂ ಅಗಲ. ನಿಮ್ಮ ಕಿರಿದಾದ ರಿಮ್‌ಗೆ ಅಗಲದ ಟೈರ್ ಕೂರಿಸಿದರೆ ಅಂಚುಗಳು ಒಳಕ್ಕೆ ಎಳೆದುಕೊಂಡು ನಡುಭಾಗ ಉಬ್ಬುತ್ತದೆ. ನೋಡಲು ದಪ್ಪ, ಆದರೆ ನೇರ ಹೋಗುವಾಗ ನೆಲಕ್ಕೆ ತಾಗುವುದು ನಡುವಿನ ಪಟ್ಟಿ. ಬೈಕ್ ವಾಲಿಸಿದಾಗ ಹಿಡಿತ ಎಷ್ಟಿದೆ ಅಂತ ಅಂದಾಜೇ ಸಿಗುವುದಿಲ್ಲ. ನಿಮ್ಮ ದಾರಿಯ ದೇವಿಮನೆ ಘಟ್ಟದ ತಿರುವಿನಲ್ಲಿ, ಅದೂ ಜುಲೈ ಮಳೆಯಲ್ಲಿ, ಈ ಪ್ರಯೋಗ ಯಾಕೆ ಅಲ್ವಾ?

ಅಗಲಕ್ಕಿಂತ ಜಾಸ್ತಿ ನೋಡಬೇಕಾದ್ದು ಟೈರಿನ ವಯಸ್ಸು. ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ರಬ್ಬರ್ ಸುಮ್ನೆ ಇಟ್ಟರೂ ಗಟ್ಟಿಯಾಗುತ್ತದೆ. ಹಾಗಾಗಿ ಹಳೇ ಸ್ಟಾಕ್ ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ. ನೀರು ಹೊರದೂಡುವ ಆಳವಾದ ಗೀರುಗಳಿರಲಿ. ರೇಸಿನ ನುಣುಪು ಟೈರ್ ನಮ್ಮ ಮಳೆಗಲ್ಲ.